ಅಳೆದು ಕೊಳ್ಳುವ ಗಣಕಶಕ್ತಿ

ಬೆಂಗಳೂರಿನಿಂದ ಹೊಸೂರಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಚಂದಾಪುರಗಳನ್ನು ದಾಟಿ ಸಾಗಿದರೆ ಕರ್ನಾಟಕದ ಗಡಿಯ ಊರಾದ ಅತ್ತಿಬೆಲೆ ಎದುರಾಗುವುದು. ಆನೇಕಲ್ ತಾಲ್ಲೂಕಿಗೆ ಸೇರಿದ ಈ ಊರಿನ ಮಗ್ಗುಲಲ್ಲಿಯೇ ಕೈಗಾರಿಕಾ ಪ್ರದೇಶವಿದೆ. ಗಡಿಯ ಆಚೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ ತಮಿಳುನಾಡಿಗೆ ಸೇರಿದ ಹೊಸೂರಿನ ವಾಹನ ಕಾರ್ಖಾನೆಗಳಿವೆ. ದೊಡ್ಡ ಕಾರ್ಖಾನೆಗೆ ಬೇಕಾದ ಬಿಡಿಭಾಗಗಳನ್ನು ಸಣ್ಣ ಕಾರ್ಖಾನೆಗಳು ತಯಾರಿಸಿ ಕೊಡುವ ಪದ್ಧತಿ ಈ ಪ್ರಾಂತದಲ್ಲಿ ಚೆನ್ನಾಗಿ ಬೇರೂರಿದೆ.

ಅಂಥ ಒಂದು ಸಣ್ಣ ಕಾರ್ಖಾನೆಯನ್ನು ಓದುಗರು ಕಲ್ಪಿಸಿಕೊಳ್ಳಲಿ. ಹತ್ತಾರು ಲೇತು, ಮಿಲ್ಲಿಂಗ್ ಯಂತ್ರಗಳು. ನಲವತ್ತು ಮಂದಿ ಕೆಲಸಗಾರರು. ಒಂದು ಪುಟ್ಟ ಕಚೇರಿ. ಮಧ್ಯಾಹ್ನ ಮೂರು ಗಂಟೆಗೆ ಹೊಸೂರಿಗೆ ಹೊರಡಬೇಕಾದ ಲಾರಿ ಸರಕು ತುಂಬಿಕೊಂಡು ಗೇಟಿನ ಬಳಿ ನಿಂತಿದೆ. ಹಾದಿ ಎಷ್ಟೇ ಚಿಕ್ಕದಾಗಿರಲಿ, ಸರಕು ರಾಜ್ಯದ ಗಡಿಯನ್ನು ದಾಟಬೇಕು. ಅದರ ಬೆಲೆ 50,000 ರೂಪಾಯಿಗೆ ಮೀರಿದ್ದರೆ ‘ಇ-ವೇ ಬಿಲ್’ ಎಂಬ ರಹದಾರಿ ಇಲ್ಲದೆ ಹೊರಡುವಂತಿಲ್ಲ. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿಗೆ ಮೀರಿದ ಉದ್ಯಮವಾದರೆ, 2023ರ ಆಗಸ್ಟ್ 1ರಿಂದ ಈಚೆಗೆ, ಬೇರೊಬ್ಬ ವ್ಯಾಪಾರಿಗೆ ಬರೆದ ಬಿಲ್ಲನ್ನು ಕೂಡ ಸರ್ಕಾರದ ಜಾಲತಾಣದಲ್ಲಿ ದಾಖಲಿಸಿ ಅದಕ್ಕೊಂದು ಸಂಖ್ಯೆಯನ್ನು ಪಡೆಯಬೇಕು. ಸರಿಯಾಗಿ ಆ ಹೊತ್ತಿಗೆ ಕಚೇರಿಯ ಮೂಲೆಯಲ್ಲಿ, ಮೇಜಿನ ಕೆಳಗೆ ಧೂಳು ಹಿಡಿದು ಕುಳಿತ ಕಂಪ್ಯೂಟರು ಕೆಟ್ಟು ನಿಂತರೆ ಗತಿಯೇನು? ರಹದಾರಿಯನ್ನು ಕೈಯಲ್ಲಿರುವ ಮೊಬೈಲಿನಿಂದಲೂ ಪಡೆಯಬಹುದೆಂಬುದು ನಿಜ. ಆದರೆ ಯಾವ ಭಾಗ, ಎಷ್ಟು ನಗ, ಯಾವ ಆರ್ಡರಿನ ಮೇರೆಗೆ, ಯಾವ ದರಕ್ಕೆ ಎಂಬ ವಿವರವೆಲ್ಲವೂ ಆ ಕೆಟ್ಟ ಯಂತ್ರದ ಹೊಟ್ಟೆಯಲ್ಲಿಯೇ ಉಳಿದಿದೆ.

ಇಂಥ ಯಜಮಾನರಿಗೆ ಇತ್ತೀಚಿನ ವರ್ಷಗಳಲ್ಲಿ ಎಲ್ಲರೂ ಹೇಳುವ ಸಲಹೆ ಒಂದೇ: “ಎಲ್ಲವನ್ನೂ ಕ್ಲೌಡಿಗೆ ಹಾಕಿಬಿಡಿ.” ಕ್ಲೌಡ್ ಎಂದರೆ ಮೋಡ. ಮೋಡದಲ್ಲಿ ಲೆಕ್ಕದ ಪುಸ್ತಕವನ್ನು ಇಡುವುದೆಂದರೇನು? ಅದರಿಂದ ದೊರೆಯುವುದೇನು, ಕೈಬಿಟ್ಟುಹೋಗುವುದೇನು? ಇದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಹೆಸರಿನಿಂದ ಯಾರೂ ಮೋಸಹೋಗಬೇಕಾಗಿಲ್ಲ. ದೂರಸಂಪರ್ಕದ ಎಂಜಿನಿಯರುಗಳು ನಕ್ಷೆ ಬರೆಯುವಾಗ, ಒಳಗಿನ ವಿವರ ತಮಗೆ ಬೇಡವಾದ ಜಾಲವನ್ನು ಮೋಡದ ಆಕಾರದಲ್ಲಿ ಗೀಚಿ ಸುಮ್ಮನಾಗುತ್ತಿದ್ದರು. ಆ ಗೀಚುವಿಕೆಯೇ ಹೆಸರಾಯಿತು. ಆಕಾಶಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಕ್ಲೌಡ್ ಎಂಬುದು ನೆಲದ ಮೇಲೆ ಕಟ್ಟಿದ, ಹತ್ತಾರು ಸಾವಿರ ಗಣಕಯಂತ್ರಗಳನ್ನು ಸಾಲುಸಾಲಾಗಿ ಜೋಡಿಸಿಟ್ಟ, ಹಗಲಿರುಳೂ ತಣ್ಣನೆಯ ಗಾಳಿಯನ್ನು ಊದುತ್ತಿರುವ ಒಂದು ದೊಡ್ಡ ಕಟ್ಟಡ. ಅದಕ್ಕೆ ಗೋಡೆಯಿದೆ, ಕಾವಲುಗಾರನಿದ್ದಾನೆ, ವಿದ್ಯುತ್ತಿನ ಬಿಲ್ಲೂ ಬರುತ್ತದೆ.

ಶಿವನಸಮುದ್ರದ ಉದಾಹರಣೆ

ಈ ವ್ಯವಸ್ಥೆಯ ತಿರುಳನ್ನು ಅರಿಯಲು ಕನ್ನಡಿಗರು ದೂರ ಹೋಗಬೇಕಾಗಿಲ್ಲ. ಕೋಲಾರದ ಚಿನ್ನದ ಗಣಿಗಳು ಹತ್ತೊಂಬತ್ತನೆಯ ಶತಮಾನದಲ್ಲಿ ತಮಗೆ ಬೇಕಾದ ಶಕ್ತಿಯನ್ನು ತಾವೇ ಉತ್ಪಾದಿಸಿಕೊಳ್ಳುತ್ತಿದ್ದವು. ಗಣಿಯ ಬಾಯಲ್ಲಿಯೇ ಉಗಿಯಂತ್ರ, ಅದಕ್ಕೆ ಇಂಧನ, ಅದನ್ನು ನೋಡಿಕೊಳ್ಳಲು ಆಳುಗಳು, ಅದು ಕೆಟ್ಟರೆ ರಿಪೇರಿಯ ಹೊಣೆ. ಮೈಸೂರು ಸಂಸ್ಥಾನವು ಕಾವೇರಿಯ ಶಿವನಸಮುದ್ರದಲ್ಲಿ ಜಲವಿದ್ಯುತ್ ಕೇಂದ್ರವನ್ನು ಕಟ್ಟಿ, 1902ರಲ್ಲಿ ಸುಮಾರು 147 ಕಿಲೋಮೀಟರು ಉದ್ದದ ತಂತಿಯ ಮೂಲಕ ಗಣಿಗಳಿಗೆ ವಿದ್ಯುತ್ತನ್ನು ಹರಿಸಿತು. ಅಷ್ಟು ದೂರ ವಿದ್ಯುತ್ತನ್ನು ಸಾಗಿಸುವುದು ಆ ಕಾಲಕ್ಕೆ ಜಗತ್ತಿನಲ್ಲಿಯೇ ದೊಡ್ಡ ಸಾಹಸವಾಗಿತ್ತು. ಮೂರು ವರ್ಷಗಳ ಅನಂತರ, 1905ರಲ್ಲಿ, ಬೆಂಗಳೂರಿನ ಬೀದಿಗಳಲ್ಲಿಯೂ ವಿದ್ಯುದ್ದೀಪ ಬೆಳಗಿತು. ಗಣಿಯ ಎಂಜಿನಿಯರುಗಳು ಇಂಧನದ ರಾಶಿಯ ಚಿಂತೆಯನ್ನು ಬಿಟ್ಟು, ಕೊಂಡ ಶಕ್ತಿಗೆ ಹಣ ತೆತ್ತು, ತಮ್ಮ ಕಸುಬಾದ ಚಿನ್ನ ತೆಗೆಯುವುದರ ಕಡೆಗೆ ಗಮನ ಕೊಡಲು ಸಾಧ್ಯವಾಯಿತು.

ಗಣಕಶಕ್ತಿಯನ್ನೂ ಹೀಗೆಯೇ ಕೇಂದ್ರದಲ್ಲಿ ತಯಾರಿಸಿ ತಂತಿಯ ಮೇಲೆ ಮಾರಬಹುದೆಂಬ ವಿಚಾರ ಹಳೆಯದು. ಅಮೆರಿಕದ ಗಣಕ ವಿಜ್ಞಾನಿ ಜಾನ್ ಮೆಕಾರ್ಥಿಯವರು 1961ರಲ್ಲಿಯೇ, ಮ್ಯಾಸಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಶತಮಾನೋತ್ಸವದಲ್ಲಿ ಮಾತನಾಡುತ್ತ, ದೂರವಾಣಿಯಂತೆ ಗಣಕವೂ ಒಂದು ದಿನ ಸಾರ್ವಜನಿಕ ಸೌಕರ್ಯವಾಗಬಹುದೆಂದು ಹೇಳಿದ್ದರು. ವಿಚಾರ ಹುಟ್ಟಿದರೆ ಸಾಲದು, ತಂತಿಯೂ ಬೇಕಷ್ಟೆ. ವೇಗವಾದ ಇಂಟರ್ನೆಟ್ ಮನೆಮನೆಗೆ ಬರುವವರೆಗೆ, ಎಂದರೆ ಸುಮಾರು 45 ವರ್ಷಗಳ ಕಾಲ, ಈ ಮಾತು ಮಾತಾಗಿಯೇ ಉಳಿಯಿತು. 2006ರ ಮಾರ್ಚಿಯಲ್ಲಿ ಅಮೆಜಾನ್ ಕಂಪನಿಯು ಕಡತಗಳನ್ನಿಡುವ ಜಾಗವನ್ನು ಅಳೆದು ಬಾಡಿಗೆಗೆ ಕೊಡಲು ಆರಂಭಿಸಿತು. ಒಂದು ಗಿಗಾಬೈಟಿಗೆ ತಿಂಗಳಿಗೆ 15 ಸೆಂಟು. ಅದೇ ವರ್ಷದ ಆಗಸ್ಟಿನಲ್ಲಿ ಗಣಕಯಂತ್ರವನ್ನೇ ಗಂಟೆಗೆ 10 ಸೆಂಟಿನಂತೆ ಬಾಡಿಗೆಗಿತ್ತಿತು. ಪುಸ್ತಕ ಮಾರುವ ಅಂಗಡಿಯಾಗಿ ಹುಟ್ಟಿದ ಕಂಪನಿಗೆ ಈ ವ್ಯಾಪಾರ ಹೊಳೆದುದು ಸೋಜಿಗವೆನಿಸಬಹುದು. ಆದರೆ ತನ್ನ ಅಂಗಡಿಗಾಗಿ ಅಪಾರ ಸಂಖ್ಯೆಯ ಯಂತ್ರಗಳನ್ನು ನಡೆಸುವ ವಿದ್ಯೆಯನ್ನು ಅದು ಕಲಿತಿತ್ತು. ಮೈಕ್ರೋಸಾಫ್ಟಿನ ‘ಅಜೂರ್’ 2010ರಲ್ಲಿ ಬಳಕೆಗೆ ಬಂದಿತು. ಗೂಗಲ್ ಮುಂತಾದವರೂ ಅದೇ ಹಾದಿಯನ್ನು ಹಿಡಿದರು. ಭಾರತ ಸರ್ಕಾರವು ತನ್ನ ಇಲಾಖೆಗಳಿಗಾಗಿ 2014ರಲ್ಲಿ ಆರಂಭಿಸಿದ ಕ್ಲೌಡಿಗೆ ‘ಮೇಘರಾಜ’ ಎಂಬ ಹೆಸರನ್ನಿಟ್ಟಿತು. ಪರಭಾಷೆಯ ನಕ್ಷೆಯಲ್ಲಿದ್ದ ಗೀಚು ಮೋಡಕ್ಕೆ ಇಷ್ಟು ಗಂಭೀರವಾದ ಸಂಸ್ಕೃತ ಬಿರುದು ದೊರೆತುದು ನಮಗೆ ವಿನೋದವಾಗಿ ತೋರುತ್ತದೆ.

ಒಂದು ಯಂತ್ರ, ಹಲವು ಒಕ್ಕಲು

ಬಾಡಿಗೆಗೆ ಕೊಡುವುದೆಂದರೆ ಪ್ರತಿಯೊಬ್ಬ ಗಿರಾಕಿಗೂ ಒಂದೊಂದು ಯಂತ್ರವನ್ನು ತೆಗೆದಿಡುವುದೆಂದಲ್ಲ. ಹಾಗೆ ಮಾಡಿದ್ದರೆ ಅಷ್ಟು ಅಗ್ಗವಾಗಿ ಕೊಡುವುದು ಆಗುತ್ತಿರಲಿಲ್ಲ. ದೊಡ್ಡ ಗಣಕವೊಂದರ ಮೇಲೆ ಮೊದಲು ಒಂದು ವಿಶೇಷ ಕ್ರಮವಿಧಿಯನ್ನು ಹೂಡುವರು. ಅದು ಆ ಗಣಕದ ಲೆಕ್ಕಿಸುವ ಶಕ್ತಿ, ನೆನಪು, ಸಂಗ್ರಹ ಈ ಮೂರನ್ನೂ ಪಾಲು ಮಾಡಿ, ಒಂದೊಂದು ಪಾಲೂ ಸ್ವತಂತ್ರವಾದ ಪೂರ್ಣ ಗಣಕದಂತೆಯೇ ವರ್ತಿಸುವ ಹಾಗೆ ಮಾಡುತ್ತದೆ. ವಠಾರದ ಮನೆಗಳನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ. ಸೂರು ಒಂದೇ, ತಳಪಾಯ ಒಂದೇ. ಆದರೆ ಒಂದೊಂದು ಒಕ್ಕಲಿಗೂ ತನ್ನದೇ ಬಾಗಿಲು, ತನ್ನದೇ ಬೀಗ. ವ್ಯತ್ಯಾಸವಿಷ್ಟೆ: ಇಲ್ಲಿ ನಡುಗೋಡೆಗಳು ಇಟ್ಟಿಗೆಯವಲ್ಲ, ಬರಿಯ ಆಜ್ಞೆಗಳವು, ಆದುದರಿಂದ ಬೇಕೆಂದಾಗ ಒಂದೆರಡು ನಿಮಿಷಗಳಲ್ಲಿ ಅವನ್ನು ಸರಿಸಿ ಕೋಣೆಯನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು, ತೆಗೆದೇ ಹಾಕಬಹುದು. ಒಬ್ಬನ ಯಂತ್ರ ಸುಮ್ಮನಿರುವಾಗ ಅದೇ ಲೋಹ ಮತ್ತೊಬ್ಬನ ಲೆಕ್ಕವನ್ನು ಮಾಡುತ್ತಿರುತ್ತದೆ. ಅಗ್ಗವಾಗುವ ಗುಟ್ಟು ಇದೇ.

ಸೇವೆಗಳನ್ನು ಮೂರು ಬಗೆಯಾಗಿ ವಿಂಗಡಿಸುವುದು ವಾಡಿಕೆ. ಅಮೆರಿಕದ ಮಾನಕ ಸಂಸ್ಥೆಯು 2011ರಲ್ಲಿ ಪ್ರಕಟಿಸಿದ ವ್ಯಾಖ್ಯೆಯೇ ಇದಕ್ಕೆ ಆಧಾರ. ಮಗಳ ಮದುವೆಗೆ ಅಡುಗೆಯ ಏರ್ಪಾಡು ಮಾಡುವ ಗೃಹಸ್ಥನ ಮುಂದಿರುವ ದಾರಿಗಳೊಡನೆ ಇವನ್ನು ಹೋಲಿಸಿ ನೋಡೋಣ. ಛತ್ರವನ್ನೂ ಪಾತ್ರೆಪರಡಿಯನ್ನೂ ಮಾತ್ರ ಬಾಡಿಗೆಗೆ ಹಿಡಿದು, ಸಾಮಾನು, ಬಾಣಸಿಗ, ಬಡಿಸುವವರೆಲ್ಲರನ್ನೂ ತಾನೇ ಹೊಂದಿಸಿಕೊಳ್ಳುವುದು ಮೊದಲನೆಯ ದಾರಿ. ಬರಿಯ ಯಂತ್ರ ಮತ್ತು ಜಾಗವನ್ನು ಬಾಡಿಗೆಗೆ ಪಡೆಯುವ ‘ಇನ್‌ಫ್ರಾಸ್ಟ್ರಕ್ಚರ್’ ಸೇವೆ ಇಂಥದು. ಒಲೆ ಹೊತ್ತಿಸಿ, ನೀರು ತುಂಬಿಸಿ, ಸಹಾಯಕ್ಕೆ ಆಳುಗಳನ್ನೂ ಒದಗಿಸಿದ ಅಡುಗೆಮನೆಗೆ ನಮ್ಮ ಬಾಣಸಿಗನನ್ನು ಮಾತ್ರ ಕಳುಹಿಸುವುದು ಎರಡನೆಯದು. ಕ್ರಮವಿಧಿಯನ್ನು ನಾವು ಬರೆಯುತ್ತೇವೆ, ಅದು ಓಡಲು ಬೇಕಾದ ಮಿಕ್ಕ ಸಿದ್ಧತೆಯೆಲ್ಲ ಅವರದು. ಇದು ‘ಪ್ಲಾಟ್‌ಫಾರ್ಮ್’ ಸೇವೆ. ಎಲೆಯೊಂದಕ್ಕೆ ಇಷ್ಟೆಂದು ಗುತ್ತಿಗೆ ಕೊಟ್ಟು, ಬಂಧುಗಳೊಡನೆ ಪಂಕ್ತಿಯಲ್ಲಿ ಕುಳಿತು ಉಣ್ಣುವುದು ಮೂರನೆಯದು; ಅದೇ ‘ಸಾಫ್ಟ್‌ವೇರ್’ ಸೇವೆ.

ಅತ್ತಿಬೆಲೆಯ ನಮ್ಮ ಯಜಮಾನರಿಗೆ ಹೆಚ್ಚಾಗಿ ಬೇಕಾಗುವುದು ಈ ಮೂರನೆಯದೇ. ಲೆಕ್ಕ ಬರೆಯುವ ತಂತ್ರಾಂಶ, ಇ-ಮೇಲ್, ಸಂಬಳದ ಪಟ್ಟಿ, ದಾಸ್ತಾನಿನ ಲೆಕ್ಕ, ಇವೆಲ್ಲ ತಲೆಯೊಂದಕ್ಕೆ ತಿಂಗಳಿಗೆ ಇಷ್ಟು ಎಂಬ ದರದಲ್ಲಿ ದೊರೆಯುತ್ತವೆ. ಬೆಂಗಳೂರಿನಲ್ಲಿಯೇ 1986ರಲ್ಲಿ ಆರಂಭವಾದ ಕಂಪನಿಯ ‘ಟ್ಯಾಲಿ’ಯನ್ನು ಬಳಸದ ವರ್ತಕರು ನಮ್ಮಲ್ಲಿ ವಿರಳ, ಮೇಜಿನ ಕಂಪ್ಯೂಟರಿನಲ್ಲಿ ನೆಲೆಸಿದ್ದ ಅದನ್ನು ಈಗ ಕ್ಲೌಡಿನ ಬಾಡಿಗೆ ಯಂತ್ರದ ಮೇಲೆ ನಡೆಸಿ, ಮನೆಯಿಂದಲೂ ಗೋದಾಮಿನಿಂದಲೂ ನೋಡುವವರಿದ್ದಾರೆ. ರಹದಾರಿಯ ವ್ಯವಸ್ಥೆಯೂ ಒಂದು ದೃಷ್ಟಿಯಿಂದ ಇಂಥದೇ. ಇ-ವೇ ಬಿಲ್ಲನ್ನು 2017ರ ಸೆಪ್ಟೆಂಬರಿನಲ್ಲಿ ದೇಶದಲ್ಲಿಯೇ ಮೊದಲಿಗೆ ಜಾರಿಗೆ ತಂದ ರಾಜ್ಯ ಕರ್ನಾಟಕ. ಅಂತರರಾಜ್ಯ ಸಾಗಣೆಗೆ ಅದು ಇಡೀ ದೇಶದಲ್ಲಿ ಕಡ್ಡಾಯವಾದುದು 2018ರ ಏಪ್ರಿಲ್ 1ರಿಂದ. ವರ್ತಕನು ಯಾವ ಯಂತ್ರವನ್ನೂ ಕೊಳ್ಳದೆ, ದೂರದಲ್ಲೆಲ್ಲೋ ಇರುವ ಗಣಕದಿಂದ ಕ್ಷಣಾರ್ಧದಲ್ಲಿ ಕೆಲಸ ಮಾಡಿಸಿಕೊಳ್ಳುವುದನ್ನು ಲಕ್ಷಾಂತರ ಜನರಿಗೆ ಅಭ್ಯಾಸ ಮಾಡಿಸಿದುದು ಯಾವ ಜಾಹೀರಾತೂ ಅಲ್ಲ, ಈ ತೆರಿಗೆಯ ಕಾನೂನು ಎಂದರೆ ತಪ್ಪಾಗಲಾರದು.

ಮೊದಲನೆಯ ಬಗೆಯ ಸೇವೆಯೂ ಸಣ್ಣ ಕಾರ್ಖಾನೆಗೆ ನಿರುಪಯುಕ್ತವೆಂದು ತಿಳಿಯಕೂಡದು. ಪೀಣ್ಯದಲ್ಲೋ ಅತ್ತಿಬೆಲೆಯಲ್ಲೋ ಅಲ್ಯೂಮಿನಿಯಮ್ ಎರಕ ಹೊಯ್ಯುವವರೊಬ್ಬರು ಹೊಸ ಅಚ್ಚನ್ನು ಮಾಡಿಸಬೇಕಾಗಿದೆ. ಕರಗಿದ ಲೋಹ ಅಚ್ಚಿನ ಯಾವ ಮೂಲೆಗೆ ಮೊದಲು ಹರಿಯುವುದು, ಎಲ್ಲಿ ಗಾಳಿ ಸಿಕ್ಕಿಕೊಂಡು ಗುಳ್ಳೆ ಬೀಳುವುದು ಎಂಬುದನ್ನು ಉಕ್ಕನ್ನು ಕಡೆಯುವ ಮೊದಲೇ ಗಣಕದಲ್ಲಿ ಲೆಕ್ಕ ಹಾಕಿ ನೋಡಬಹುದು. ಆದರೆ ಆ ಲೆಕ್ಕವು ಮೇಜಿನ ಮೇಲಿನ ಸಾಮಾನ್ಯ ಯಂತ್ರಕ್ಕೆ ಭಾರ. ದೊಡ್ಡ ಯಂತ್ರವನ್ನು ಕೊಳ್ಳೋಣವೆಂದರೆ ವರ್ಷಕ್ಕೆ ನಾಲ್ಕು ಸಲದ ಕೆಲಸಕ್ಕೆ ಲಕ್ಷಗಟ್ಟಲೆ ಬಂಡವಾಳ. ಬಾಡಿಗೆಯಾದರೆ ದೊಡ್ಡ ಯಂತ್ರವನ್ನು ಆರು ಗಂಟೆಯ ಕಾಲ ಹಿಡಿದು, ಕೆಲಸ ಮುಗಿಸಿ, ಬಿಟ್ಟುಕೊಡಬಹುದು. ದೊಡ್ಡ ಕಂಪನಿಗಳ ಸಂಶೋಧನಾ ವಿಭಾಗದಲ್ಲಿ ಮಾತ್ರ ಇರುತ್ತಿದ್ದ ಸಾಧನವು ನಲವತ್ತು ಮಂದಿಯ ಕಾರ್ಖಾನೆಯ ಕೈಗೂ ಎಟಕುವಂತಾದುದೇ ಈ ಹೊಸ ವ್ಯವಸ್ಥೆಯ ನಿಜವಾದ ಲಾಭವೆಂದು ನಮ್ಮ ಅಭಿಪ್ರಾಯ. ಕಡತವನ್ನು ಮನೆಯಿಂದ ನೋಡುವ ಸೌಕರ್ಯವು ಅದರ ಮುಂದೆ ಸಣ್ಣದು.

ಬೇಡಿಕೆಯು ಥಟ್ಟನೆ ಏರುವ ವ್ಯಾಪಾರಗಳಿಗೂ ಈ ಗುಣವೇ ಬೇಕಾದುದು. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಕಂಪನಿ ತನ್ನ ಮೊದಲ ಮಹಾಮಾರಾಟವನ್ನು ನಡೆಸಿದಾಗ, ನುಗ್ಗಿಬಂದ ಗಿರಾಕಿಗಳನ್ನು ತಡೆದುಕೊಳ್ಳಲಾರದೆ ಅದರ ತಾಣ ತತ್ತರಿಸಿತು. ಸುಮಾರು 5000 ಸರ್ವರುಗಳನ್ನು ಸಿದ್ಧಪಡಿಸಿದ್ದರೂ ಸಾಲದೆ ಹೋಯಿತೆಂದು ಅದರ ಸ್ಥಾಪಕರು ಗಿರಾಕಿಗಳಿಗೆ ಬರೆದ ಪತ್ರದಲ್ಲಿ ಕ್ಷಮೆ ಕೇಳಿದರು. ಒಂದು ದಿನದ ಜಾತ್ರೆಗೆಂದು ವರ್ಷವಿಡೀ ಯಂತ್ರಗಳನ್ನು ಕೊಂಡಿಟ್ಟುಕೊಳ್ಳುವುದು ಯಾರಿಗೂ ಕಷ್ಟವೇ.

ಯಂತ್ರಗಳಿರುವುದೆಲ್ಲಿ?

ಅತ್ತಿಬೆಲೆಯಿಂದ ಇಪ್ಪತ್ತು ಕಿಲೋಮೀಟರಿನೊಳಗೇ ಎಲೆಕ್ಟ್ರಾನಿಕ್ ಸಿಟಿಯಿದೆ. ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ಕನಸಿನಂತೆ 1978ರಲ್ಲಿ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ 332 ಎಕರೆ ನೆಲದಲ್ಲಿ ಹುಟ್ಟಿದ ಬಡಾವಣೆಯಿದು. ಜಗತ್ತಿನ ಕ್ಲೌಡುಗಳ ಕೆಲಸದಲ್ಲಿ ತೊಡಗಿರುವ ಎಂಜಿನಿಯರುಗಳು ಇಲ್ಲಿಯೂ ವೈಟ್‌ಫೀಲ್ಡಿನಲ್ಲಿಯೂ ಸಾವಿರಗಟ್ಟಲೆ ಇದ್ದಾರೆ. ಹಾಗಾದರೆ ನಮ್ಮ ಯಜಮಾನರ ಲೆಕ್ಕದ ಪುಸ್ತಕವೂ ಇಲ್ಲಿಯೇ ಎಲ್ಲೋ ಇರಬೇಕೆಂದು ಓದುಗರು ಊಹಿಸಬಹುದು. ಹಾಗೇನೂ ಇಲ್ಲ. ಅಮೆಜಾನ್ ಭಾರತದಲ್ಲಿ ತನ್ನ ಮೊದಲ ಕೇಂದ್ರಸಮೂಹವನ್ನು 2016ರಲ್ಲಿ ತೆರೆದುದು ಮುಂಬಯಿಯಲ್ಲಿ, ಎರಡನೆಯದನ್ನು 2022ರಲ್ಲಿ ಹೈದರಾಬಾದಿನಲ್ಲಿ. ಮೈಕ್ರೋಸಾಫ್ಟ್ 2015ರಲ್ಲಿ ಆರಿಸಿಕೊಂಡುದು ಪುಣೆ, ಮುಂಬಯಿ, ಚೆನ್ನೈ ನಗರಗಳನ್ನು. ಗೂಗಲ್ 2017ರಲ್ಲಿ ಮುಂಬಯಿಯನ್ನು, 2021ರಲ್ಲಿ ದೆಹಲಿಯನ್ನು. ಬೇರೆ ಸಂಸ್ಥೆಗಳ ಬಾಡಿಗೆಯ ದತ್ತಾಂಶ ಕೇಂದ್ರಗಳು ಬೆಂಗಳೂರಿನಲ್ಲಿಯೂ ಇವೆಯಾದರೂ, ಈ ಮೂವರು ಆಗ ಕರಾವಳಿಯ ಕಡೆಗೆ ಒಲಿದುದಕ್ಕೆ ಒಂದು ಮುಖ್ಯ ಕಾರಣವುಂಟು: ಹೊರದೇಶಗಳಿಂದ ಸಮುದ್ರದಡಿಯಲ್ಲಿ ಬರುವ ತಂತಿಗಳು ದಡ ಸೇರುವುದು ಮುಂಬಯಿ, ಚೆನ್ನೈಗಳಲ್ಲಿ. ಸಾವಿರಾರು ಯಂತ್ರಗಳ ಬಿಸಿಯನ್ನು ಇಳಿಸಲು ವಿದ್ಯುತ್ತು, ಹಲವೆಡೆ ನೀರು ಕೂಡ, ಧಾರಾಳವಾಗಿ ಬೇಕು; 2024ರ ಬೇಸಗೆಯಲ್ಲಿ ಕುಡಿಯುವ ನೀರಿಗೆ ಬೆಂಗಳೂರು ಪಟ್ಟ ಪಾಡನ್ನು ನೆನೆದರೆ ಈ ವಿಷಯದಲ್ಲಿ ಅವಸರಪಡಬೇಕಾದುದೇನೂ ಕಾಣುವುದಿಲ್ಲ.

ದೂರವಿರುವುದರಿಂದ ತಡವಾಗುವುದೆಂಬ ಭಯ ಬೇಡ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು ಓಡುತ್ತದೆ. ಅತ್ತಿಬೆಲೆಯಿಂದ ಮುಂಬಯಿಗೆ ಸುಮಾರು 1000 ಕಿಲೋಮೀಟರೆಂದು ಹಿಡಿದರೆ, ಹೋಗಿ ಬರಲು ಬೆಳಕಿಗೆ ಬೇಕಾದುದು ಸೆಕೆಂಡಿನ ನೂರನೆಯ ಒಂದು ಪಾಲು. ದಾರಿಯ ಯಂತ್ರಗಳಲ್ಲಿ ಇನ್ನಷ್ಟು ಹೊತ್ತು ಸೇರಿದರೂ ಬಿಲ್ಲು ಬರೆಯುವವನಿಗೆ ಅದು ತಿಳಿಯದು. ನಿಜವಾದ ತೊಡಕು ಗೇಟಿನಿಂದ ಹೆದ್ದಾರಿಯವರೆಗಿನ ಕೊನೆಯ ಒಂದು ಕಿಲೋಮೀಟರಿನದು. ರಸ್ತೆ ಅಗೆಯುವ ಜೆಸಿಬಿಯೊಂದು ಕೇಬಲನ್ನು ಕತ್ತರಿಸಿದರೆ ಮುಂಬಯಿಯ ಸಾವಿರ ಯಂತ್ರಗಳಿದ್ದೂ ಇಲ್ಲದಂತೆ. ಕ್ಲೌಡಿನ ಮೇಲೆ ವ್ಯವಹಾರ ನಡೆಸುವವರು ಬೇರೆ ಬೇರೆ ಕಂಪನಿಗಳ ಎರಡು ಸಂಪರ್ಕಗಳನ್ನು, ಒಂದು ತಂತಿಯದು, ಇನ್ನೊಂದು ಮೊಬೈಲಿನದಾದರೂ ಸರಿ, ಇಟ್ಟುಕೊಳ್ಳುವುದು ಅವಶ್ಯ.

ಮೀಟರು ಓಡುತ್ತಿರುವುದು

ಹಣದ ವಿಷಯದಲ್ಲಿ ಒಂದು ಲೆಕ್ಕವನ್ನು ಮಾಡಿ ನೋಡೋಣ. ಉದಾಹರಣೆಗೆ ಬಾಡಿಗೆಯ ಯಂತ್ರವೊಂದಕ್ಕೆ ಗಂಟೆಗೆ 10 ರೂಪಾಯಿ ಎಂದು ಇಟ್ಟುಕೊಳ್ಳೋಣ. ತಿಂಗಳಲ್ಲಿ 26 ದಿನ, ದಿನಕ್ಕೆ 10 ಗಂಟೆ ಮಾತ್ರ ನಡೆಸಿದರೆ 2600 ರೂಪಾಯಿ. ಕೆಲಸ ಮುಗಿದ ಮೇಲೆ ಅದನ್ನು ನಿಲ್ಲಿಸಲು ಮರೆತರೆ, 30 ದಿನ, 24 ಗಂಟೆ, 7200 ರೂಪಾಯಿ. ನಲ್ಲಿಯನ್ನು ತೆರೆದಿಟ್ಟು ಮನೆಗೆ ಬೀಗ ಹಾಕಿ ಹೋದಂತೆ. ವ್ಯತ್ಯಾಸವೇನೆಂದರೆ, ನಲ್ಲಿಯ ಸದ್ದು ನೆರೆಯವರಿಗಾದರೂ ಕೇಳಿಸುವುದು. ಇದು ತಿಂಗಳ ಕೊನೆಯವರೆಗೆ ನಿಶ್ಶಬ್ದ. ಇಷ್ಟು ಹಣ ಮೀರಿದೊಡನೆ ತಿಳಿಸೆಂದು ಮೊದಲೇ ಗೊತ್ತುಮಾಡಿಡುವ ಸೌಕರ್ಯವನ್ನು ದೊಡ್ಡ ಕಂಪನಿಗಳೆಲ್ಲ ಒದಗಿಸಿವೆ. ಬಾಡಿಗೆ ಹಿಡಿದ ಮೊದಲ ದಿನವೇ ಅದನ್ನು ಮಾಡಬೇಕು.

ಹಗಲಿರುಳೂ ಒಂದೇ ಹದದಲ್ಲಿ ನಡೆಯಬೇಕಾದ ಕೆಲಸಕ್ಕೆ ಬಾಡಿಗೆ ದುಬಾರಿಯಾಗುವ ಸಂಭವವುಂಟು. ದಿನವೂ ಊರಿಂದೂರಿಗೆ ಓಡಾಡುವವನು ಟ್ಯಾಕ್ಸಿ ಹಿಡಿಯುವುದಿಲ್ಲ, ಗಾಡಿ ಕೊಳ್ಳುತ್ತಾನೆ. ಕಡತಗಳನ್ನು ಕಾಪಾಡಿಕೊಡುವ ಅಮೆರಿಕದ ಡ್ರಾಪ್‌ಬಾಕ್ಸ್ ಕಂಪನಿಯು ಅಮೆಜಾನಿನ ಬಾಡಿಗೆಯಲ್ಲಿ ಬೆಳೆದು, ಅನಂತರ ತನ್ನವೇ ಯಂತ್ರಗಳನ್ನು ಹೂಡಿಕೊಂಡಿತು; ಅದರಿಂದ ಎರಡು ವರ್ಷಗಳಲ್ಲಿ ಸುಮಾರು 7 ಕೋಟಿ 46 ಲಕ್ಷ ಡಾಲರು ಉಳಿತಾಯವಾಯಿತೆಂದು 2018ರಲ್ಲಿ ಪ್ರಕಟಿಸಿದ ಪತ್ರದಲ್ಲಿ ತಿಳಿಸಿತು. ನಮ್ಮ ಕಾರ್ಖಾನೆಯು ಆ ಗಾತ್ರದ್ದಲ್ಲವಾದರೂ ನಿಯಮ ಮಾತ್ರ ಒಂದೇ.

ಹೋಲಿಕೆ ಮುರಿಯುವ ಜಾಗ

ಇಷ್ಟು ದೂರ ನಾವು ವಿದ್ಯುತ್ತಿನ ಹೋಲಿಕೆಯ ಕೈಹಿಡಿದು ಬಂದೆವು. ಇನ್ನು ಅದನ್ನು ಬಿಡಬೇಕಾಗಿದೆ. ಶಿವನಸಮುದ್ರದಿಂದ ಕೋಲಾರಕ್ಕೆ ಹರಿದ ವಿದ್ಯುತ್ತಿಗೆ ನೆನಪಿರಲಿಲ್ಲ. ಗಣಿಯ ಚಿನ್ನವು ಗಣಿಯಲ್ಲಿಯೇ ಇದ್ದಿತು. ವಿದ್ಯುತ್ತು ನಿಂತರೆ ಕೆಲಸ ನಿಲ್ಲುತ್ತಿತ್ತೇ ಹೊರತು ಚಿನ್ನ ಮಾಯವಾಗುತ್ತಿರಲಿಲ್ಲ. ಕ್ಲೌಡಿನಲ್ಲಾದರೋ ಶಕ್ತಿ ನಮ್ಮಲ್ಲಿಗೆ ಬರುವುದಿಲ್ಲ, ನಮ್ಮ ಚಿನ್ನವೇ ಅಲ್ಲಿಗೆ ಹೋಗುತ್ತದೆ: ಗಿರಾಕಿಗಳ ಪಟ್ಟಿ, ದರ, ಬಾಕಿ, ಹತ್ತು ವರ್ಷ ತಿದ್ದಿದ ನಕ್ಷೆಗಳು.

ಅಲ್ಲಿ ಅದು ಸುರಕ್ಷಿತವಾಗಿರುವುದೆ? ನಮ್ಮ ಮೇಜಿನ ಕೆಳಗಿರುವುದಕ್ಕಿಂತ ಬಹುಪಾಲು ಸುರಕ್ಷಿತವೆಂದೇ ಹೇಳಬೇಕು. 2022ರ ಸೆಪ್ಟೆಂಬರಿನ ಮಳೆಯಲ್ಲಿ ಹೊರವರ್ತುಲ ರಸ್ತೆಯೂ ಸರ್ಜಾಪುರ ರಸ್ತೆ, ವೈಟ್‌ಫೀಲ್ಡುಗಳ ಹಲವು ಭಾಗಗಳೂ ನೀರಿನಲ್ಲಿ ನಿಂತುದನ್ನು ಕಂಡವರು, ನೆಲಮಾಳಿಗೆಯಲ್ಲಿ ಸರ್ವರ್ ಇಡುವ ಪದ್ಧತಿಯನ್ನು ಮೆಚ್ಚಲಾರರು. ಅಮೆಜಾನಿನ ಸಂಗ್ರಹ ಸೇವೆಯಲ್ಲಿ ಸಾಮಾನ್ಯವಾಗಿ ಒಂದು ಕಡತವನ್ನು ಒಂದಕ್ಕೊಂದು ದೂರವಿರುವ ಹಲವು ಕಟ್ಟಡಗಳಲ್ಲಿ ಇಡುವರು. 1 ಕೋಟಿ ಕಡತಗಳನ್ನಿಟ್ಟರೆ 10,000 ವರ್ಷಗಳಿಗೊಮ್ಮೆ ಒಂದು ಕಳೆದುಹೋದೀತೆಂಬ ಲೆಕ್ಕದಲ್ಲಿ ಅದನ್ನು ರಚಿಸಿರುವುದಾಗಿ ಆ ಕಂಪನಿ ಹೇಳುತ್ತದೆ. ಆದರೆ ಈ ಭರವಸೆ ಯಂತ್ರ ಕೆಡುವುದರ ವಿರುದ್ಧ ಮಾತ್ರ. ನಮ್ಮ ಗುಮಾಸ್ತನೇ ಬೇಸ್ತುಬಿದ್ದು ಕಡತವನ್ನು ಅಳಿಸಿದರೆ, ಆ ಎಲ್ಲ ಕಟ್ಟಡಗಳಲ್ಲಿಯೂ ಅಷ್ಟೇ ಶ್ರದ್ಧೆಯಿಂದ ಅದು ಅಳಿಸಿಹೋಗುವುದು. ಗುಪ್ತಪದವನ್ನು ಕದ್ದವನು ಅದನ್ನು ಬೀಗಮುದ್ರೆ ಮಾಡಿ ಹಣ ಕೇಳಿದರೂ ಅಷ್ಟೆ.

ಎಲ್ಲ ಸೇವೆಗಳಲ್ಲಿಯೂ ಪ್ರತಿಗಳು ತಾವಾಗಿಯೇ ಬೇರೆ ಊರಿಗೆ ಹೋಗುವುದೂ ಇಲ್ಲ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗಿನಲ್ಲಿ ಓವಿಎಚ್ ಕಂಪನಿಯ ಕ್ಲೌಡ್ ಕೇಂದ್ರಕ್ಕೆ ಬೆಂಕಿ ಬಿದ್ದು, ಒಂದು ಕಟ್ಟಡ ಪೂರ್ತಿಯಾಗಿ ಸುಟ್ಟುಹೋಯಿತು. ಬೇರೆಡೆ ಪ್ರತಿ ಇಡದಿದ್ದ ಗಿರಾಕಿಗಳ ದಾಖಲೆಗಳು ಮರಳಲಿಲ್ಲ. ಪ್ರತಿ ಇಡುವ ಸೇವೆಗೂ ಹಣ ಕೊಟ್ಟಿದ್ದ ಒಂದು ಸಂಸ್ಥೆಗೆ ತಿಳಿದುಬಂದುದೇನು? ಮೂಲವೂ ಪ್ರತಿಯೂ ಒಂದೇ ಕಟ್ಟಡದಲ್ಲಿದ್ದವು! ಅದಕ್ಕೆ ಪರಿಹಾರ ಕೊಡಬೇಕೆಂದು ಲೀಲ್ ನಗರದ ವಾಣಿಜ್ಯ ನ್ಯಾಯಾಲಯವು 2023ರಲ್ಲಿ ತೀರ್ಪಿತ್ತಿತು. ಇನ್ನೂ ದೊಡ್ಡ ಅನಾಹುತ ನಡೆದುದು 2025ರ ಸೆಪ್ಟೆಂಬರ್ 26ರಂದು, ದಕ್ಷಿಣ ಕೊರಿಯದ ಡೇಜನ್ ನಗರದಲ್ಲಿ. ಅಲ್ಲಿನ ಸರ್ಕಾರದ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಯಿಂದ ಹುಟ್ಟಿದ ಬೆಂಕಿಗೆ ಸರ್ಕಾರಿ ನೌಕರರು ತಮ್ಮ ಕಡತಗಳನ್ನಿಡುತ್ತಿದ್ದ ‘ಜಿ-ಡ್ರೈವ್’ ಆಹುತಿಯಾಯಿತು. 858 ಟೆರಾಬೈಟು ಮಾಹಿತಿ. ಅಷ್ಟು ದೊಡ್ಡದಕ್ಕೆ ಬೇರೆಡೆ ಪ್ರತಿ ಇಡಲಾಗಲಿಲ್ಲವೆಂಬುದು ಕೊಟ್ಟ ಸಮಜಾಯಿಷಿ. ತಂತ್ರಜ್ಞಾನದಲ್ಲಿ ಮುಂದುವರಿದ ದೇಶವೆಂಬ ಕೀರ್ತಿ ಅಂದು ಕೆಲಸಕ್ಕೆ ಬರಲಿಲ್ಲ.

ಬ್ಯಾಂಕಿನ ಲಾಕರಿಗೆ ಎರಡು ಬೀಗದ ಕೈಗಳಿರುವಂತೆ ಇಲ್ಲಿಯೂ ಹೊಣೆ ಎರಡು ಪಾಲಾಗಿದೆ. ಕಟ್ಟಡ, ಯಂತ್ರ, ವಿದ್ಯುತ್ತು, ಜಾಲ ಇವು ಮಾರುವವನವು. ಗುಪ್ತಪದ, ಯಾರು ಏನನ್ನು ನೋಡಬಹುದೆಂಬ ಅಪ್ಪಣೆ, ಪ್ರತಿ ಇಡುವ ಏರ್ಪಾಡು ಇವು ಬಹುಮಟ್ಟಿಗೆ ಕೊಳ್ಳುವವನವು. ಕೆಲಸ ಬಿಟ್ಟುಹೋದ ಗುಮಾಸ್ತನ ಹೆಸರು ಇನ್ನೂ ಪಟ್ಟಿಯಲ್ಲಿದ್ದರೆ ಮುಂಬಯಿಯ ಕಾವಲುಗಾರನು ಏನೂ ಮಾಡಲಾರ. ಗುಪ್ತಪದದ ಜೊತೆಗೆ ಮೊಬೈಲಿಗೆ ಬರುವ ಸಂಖ್ಯೆಯನ್ನೂ ಕೇಳುವ ಎರಡು ಹಂತದ ಪರೀಕ್ಷೆಯನ್ನು ಎಲ್ಲರಿಗೂ ಕಡ್ಡಾಯ ಮಾಡಲು ಖರ್ಚು ಇಲ್ಲವೆಂಬಷ್ಟು ಕಡಿಮೆ.

ಕಾನೂನು ಕೂಡ ಇಲ್ಲಿ ಒಂದು ಮಾತು ಹೇಳಿದೆ. ಕಂಪನಿ ಕಾಯಿದೆಯಡಿ ನೋಂದಾಯಿತವಾದ ಉದ್ಯಮವು ಗಣಕದಲ್ಲಿ ಇಡುವ ಲೆಕ್ಕಪುಸ್ತಕಗಳು ಯಾವಾಗಲೂ ಭಾರತದಲ್ಲಿ ನೋಡಲು ದೊರೆಯಬೇಕು, ಅವುಗಳ ಪ್ರತಿಯನ್ನು ಭಾರತದ ನೆಲದಲ್ಲಿರುವ ಸರ್ವರಿನಲ್ಲಿ ದಿನವೂ ಇಡಬೇಕು ಎಂಬುದು 2022ರ ಆಗಸ್ಟಿನಲ್ಲಿ ತಿದ್ದುಪಡಿಯಾದ ನಿಯಮ. ತಂತ್ರಾಂಶವನ್ನು ಮಾರಲು ಬರುವವನನ್ನು “ನಿಮ್ಮ ಸರ್ವರು ಯಾವ ಊರಿನಲ್ಲಿದೆ?” ಎಂದು ಕೇಳುವುದರಲ್ಲಿ ಸಂಕೋಚ ಬೇಡ. ಬಾಯಿಮಾತಿನ ಉತ್ತರ ಸಾಲದು, ಬರೆದು ಕೊಡಲಿ.

ಇನ್ನೊಂದು ಪ್ರಸಂಗವನ್ನೂ ಹೇಳಬೇಕಾಗಿದೆ. ಗುಜರಾತಿನಲ್ಲಿ ತೈಲ ಶುದ್ಧೀಕರಣಾಗಾರವನ್ನು ನಡೆಸುವ ನಯಾರಾ ಎನರ್ಜಿ ಕಂಪನಿಯಲ್ಲಿ ರಷ್ಯದ ಬಂಡವಾಳವಿದೆ. 2025ರ ಜುಲೈಯಲ್ಲಿ ಯುರೋಪಿಯನ್ ಒಕ್ಕೂಟವು ಅದರ ಮೇಲೆ ನಿರ್ಬಂಧ ಹೇರಿದುದರ ಬೆನ್ನಿಗೇ, ಅದು ಬಳಸುತ್ತಿದ್ದ ಮೈಕ್ರೋಸಾಫ್ಟಿನ ಇ-ಮೇಲ್ ಮೊದಲಾದ ಸೇವೆಗಳು ನಿಂತುಹೋದವು. ಹಣ ಸಂದಾಯವಾಗಿತ್ತು, ಭಾರತದ ಯಾವ ಕಾನೂನನ್ನೂ ಮುರಿದಿಲ್ಲವೆಂದು ಕಂಪನಿ ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. ಕೆಲವು ದಿನಗಳಲ್ಲಿ ಸೇವೆ ಮರಳಿತು. ಅತ್ತಿಬೆಲೆಯ ಸಣ್ಣ ಕಾರ್ಖಾನೆಯ ಮೇಲೆ ಯಾವ ಒಕ್ಕೂಟವೂ ಕಣ್ಣಿಡಲಾರದೆಂಬುದು ನಿಜ. ಆದರೆ ಬಾಡಿಗೆಯ ದರ ಏರಬಹುದು, ಮಾರುವವನು ಅಂಗಡಿ ಮುಚ್ಚಬಹುದು, ಕಂತು ತಪ್ಪಿದುದಕ್ಕೆ ಖಾತೆ ಸ್ಥಗಿತವಾಗಬಹುದು. ಆಗ ನಮ್ಮ ಮಾಹಿತಿಯನ್ನು ಇನ್ನೊಬ್ಬರ ತಂತ್ರಾಂಶವೂ ಓದಬಲ್ಲ ರೂಪದಲ್ಲಿ ಹೊರಗೆ ತರಲು ಸಾಧ್ಯವೆ, ಅದಕ್ಕೆ ಎಷ್ಟು ಹಣ, ಎಷ್ಟು ದಿನ ಎಂಬುದನ್ನು ಒಳಗೆ ಹೋಗುವ ಮೊದಲೇ ತಿಳಿದುಕೊಳ್ಳಬೇಕು. ಮಾಹಿತಿಯನ್ನು ಒಳಗೆ ಹಾಕಲು ಸಾಮಾನ್ಯವಾಗಿ ಶುಲ್ಕವಿಲ್ಲ. ಹೊರಗೆ ತೆಗೆಯಲು ಇದೆ. ಸೇವೆಯನ್ನು ಪೂರ್ತಿಯಾಗಿ ಬಿಟ್ಟುಹೋಗುವವರಿಗೆ ಈ ಶುಲ್ಕವನ್ನು ಗೂಗಲ್, ಅಮೆಜಾನ್, ಮೈಕ್ರೋಸಾಫ್ಟ್ ಮೂರೂ 2024ರಲ್ಲಿ ಮನ್ನಾ ಮಾಡಿದವು. ಸಣ್ಣ ಮಾರಾಟಗಾರರ ಕರಾರುಗಳನ್ನು ಮಾತ್ರ ಒಂದೊಂದಾಗಿ ಓದಿಯೇ ತಿಳಿಯಬೇಕು.

ಪ್ರತಿಗಳ ವಿಷಯದಲ್ಲಿ ಬಲ್ಲವರು ಅನುಸರಿಸುವ ಕ್ರಮ ಸರಳವಾದುದು. ಮೂಲವೂ ಸೇರಿ ಮೂರು ಪ್ರತಿ; ಅವು ಎರಡು ಬೇರೆ ಬಗೆಯ ಸಾಧನಗಳ ಮೇಲೆ; ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ. ಕ್ಲೌಡಿನಲ್ಲಿ ಲೆಕ್ಕವಿಡುವ ಕಾರ್ಖಾನೆಗೆ ಆ ಬೇರೆ ಸ್ಥಳವು ಯಜಮಾನರ ಮನೆಯ ಬೀರುವೂ ಆಗಬಹುದು. ವಾರಕ್ಕೊಮ್ಮೆ ಒಂದು ಹಾರ್ಡ್ ಡಿಸ್ಕಿಗೆ ಎಲ್ಲವನ್ನೂ ಇಳಿಸಿಕೊಂಡು, ತಂತಿಯನ್ನು ಕಿತ್ತು, ಬೀರುವಿನಲ್ಲಿಟ್ಟು ಬೀಗ ಹಾಕಿದರೆ ಆಯಿತು. ತಂತಿಯಿಲ್ಲದ ಡಿಸ್ಕಿಗೆ ದೂರದ ಕಳ್ಳನ ಕೈ ಎಟಕದು. ಆ ಪ್ರತಿಯನ್ನು ಮೂರು ತಿಂಗಳಿಗೊಮ್ಮೆ, ಕಾರ್ಖಾನೆಗೆ ರಜೆಯಿರುವ ಭಾನುವಾರದಂದು, ಲೆಕ್ಕದ ತಂತ್ರಾಂಶವಿರುವ ಬೇರೊಂದು ಕಂಪ್ಯೂಟರಿನಲ್ಲಿ ತೆರೆದು, ಹಿಂದಿನ ತಿಂಗಳ ಒಂದು ಬಿಲ್ಲನ್ನು ಹುಡುಕಿ, ಕೈಯಲ್ಲಿರುವ ಮುದ್ರಿತ ಬಿಲ್ಲಿನೊಡನೆ ತಾಳೆ ನೋಡಬೇಕು. ಇದಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಹಿಡಿಯಲಾರದು. ತೆರೆಯದಿದ್ದರೆ ಮಾರಾಟಗಾರನಿಗೆ ಸೋಮವಾರ ಬೆಳಿಗ್ಗೆಯೇ ಫೋನು ಮಾಡಲು ಕಾರಣ ಸಿಕ್ಕಿತು. ಲಾರಿ ಇನ್ನೂ ಗೇಟಿನ ಬಳಿ ಬಂದಿರುವುದಿಲ್ಲ.